ಫೈಬರ್ ಎಲ್ಲಿಗೆ ನಿಲ್ಲುತ್ತದೆ?

ಪಣಜಿಯಿಂದ ಬೆಳಗಾವಿಯತ್ತ ಹೊರಟ ರಾಷ್ಟ್ರೀಯ ಹೆದ್ದಾರಿ 748 ಹಳೆ ಗೋವಾವನ್ನು ದಾಟಿ ಫೋಂಡಾ ಕಡೆಗೆ ಹೋಗುವಾಗ ಕೊರ್ಲಿಮ್ ಎಂಬ ಊರನ್ನು ಹಾಯುತ್ತದೆ. ತಿಸವಾಡಿ ತಾಲ್ಲೂಕಿನ ಈ ಊರಿನಲ್ಲಿ ಹಳೆಯ ಮನೆಗಳೂ ಇವೆ, ಕೈಗಾರಿಕಾ ವಸಾಹತೂ ಇದೆ. ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ದುಡಿಮೆಗೆ ಬಂದ ಕನ್ನಡಿಗರು ಗೋವಾದ ಇಂಥ ವಸಾಹತುಗಳ ಸುತ್ತ ಬಾಡಿಗೆ ಮನೆ ಹಿಡಿದು ನೆಲೆ ನಿಂತಿದ್ದಾರೆ. ಇಂಥ ಊರಿನ ಮನೆಯೊಂದಕ್ಕೆ ಇಂಟರ್ನೆಟ್ ಬರಲು ಬಹುಕಾಲ ಎರಡು ದಾರಿಗಳಿದ್ದವು: ಕೇಬಲ್ ಟಿವಿಯವರು ಎಳೆದ ದಪ್ಪ ಕಪ್ಪು ವೈರು ಮತ್ತು ಟೆಲಿಫೋನಿನ ತೆಳ್ಳನೆಯ ತಾಮ್ರದ ತಂತಿ. ಮೂರನೆಯದಾಗಿ ಗಾಜಿನ ಎಳೆ, ಅಂದರೆ ಫೈಬರ್ ಬಂತು. ಅದು ಎಲ್ಲ ಕಡೆಯೂ ನೇರ ಮನೆಯೊಳಕ್ಕೆ ಬರಲಿಲ್ಲ. ಎಷ್ಟೋ ಕಡೆ ಬೀದಿಯ ಪೆಟ್ಟಿಗೆಯವರೆಗೆ ಬಂದು ನಿಂತಿತು. ಅಲ್ಲಿಂದ ಮನೆಯವರೆಗಿನ ಕೊನೆಯ ಹೆಜ್ಜೆಗಳನ್ನು ಹಳೆಯ ಟೆಲಿಫೋನ್ ತಂತಿಗೇ ಬಿಟ್ಟುಕೊಟ್ಟಿತು. ಕೇಬಲ್ ಸಂಪರ್ಕ ಬಿಟ್ಟು ಇಂಥ ಫೈಬರ್-ತಾಮ್ರ ಜೋಡಣೆಗೆ ಹೋಗುವುದು ಲಾಭವೋ ನಷ್ಟವೋ ಎಂಬ ಪ್ರಶ್ನೆಗೆ ಕಂಪನಿಯ ಹೆಸರಿನಲ್ಲಾಗಲಿ ಜಾಹೀರಾತಿನ ಅಂಕಿಯಲ್ಲಾಗಲಿ ಉತ್ತರವಿಲ್ಲ. ಫೈಬರ್ ಎಲ್ಲಿಗೆ ನಿಲ್ಲುತ್ತದೆ, ನಿಂತ ಮೇಲೆ ಎಷ್ಟು ಮೀಟರ್ ಯಾವ ತಂತಿ ಉಳಿದಿದೆ, ಆ ತಂತಿಯನ್ನು ಎಷ್ಟು ಮನೆಗಳು ಹಂಚಿಕೊಂಡಿವೆ ಎಂಬ ಮೂರು ಸಂಗತಿಗಳೇ ಅದನ್ನು ತೀರ್ಮಾನಿಸುತ್ತವೆ ಎಂಬುದು ಈ ಲೇಖನದ ವಾದ.

ಮೊದಲು ಟೆಲಿಫೋನ್ ತಂತಿಯ ಸಂಗತಿ. ಅದು ಒಂದಕ್ಕೊಂದು ಹೊಸೆದ ಎರಡು ತಾಮ್ರದ ಎಳೆಗಳ ಜೋಡಿ. ಪ್ರತಿ ಎಳೆಯ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಹೀಗೆ ಹೊಸೆಯುವ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದ. ಹೊರಗಿನ ಗದ್ದಲ ಎರಡೂ ಎಳೆಗಳಿಗೆ ಹೆಚ್ಚುಕಡಿಮೆ ಸಮನಾಗಿ ತಗಲುತ್ತದೆ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಅಳಿದು ಮಾತು ಉಳಿಯುತ್ತದೆ. ಈ ತಂತಿ ಹುಟ್ಟಿದ್ದು ಮಾತಿಗಾಗಿ. ಮನುಷ್ಯನ ಮಾತು ಅರ್ಥವಾಗಲು 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳು ಸಾಕು. ಅದರಾಚೆ ಖಾಲಿ ಬಿದ್ದಿದ್ದ ಕಂಪನಾಂಕಗಳಲ್ಲಿ ದತ್ತಾಂಶವನ್ನು ಹರಿಸಬಹುದು ಎಂಬುದೇ ಡಿಎಸ್ಎಲ್ ತಂತ್ರಜ್ಞಾನದ ತಿರುಳು. 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಡಿಎಸ್ಎಲ್ ಸುಮಾರು 1.1 ಮೆಗಾಹರ್ಟ್ಸ್‌ವರೆಗೆ ಏರಿತು. 2003ರ ಎಡಿಎಸ್ಎಲ್2 ಪ್ಲಸ್ ಅದನ್ನು 2.2ಕ್ಕೆ ಒಯ್ದು 24 ಎಂಬಿಪಿಎಸ್‌ವರೆಗೆ ವೇಗ ಕೊಟ್ಟಿತು. ಬಿಎಸ್ಎನ್ಎಲ್ 2005ರ ಜನವರಿಯಲ್ಲಿ ಆರಂಭಿಸಿದ ಬ್ರಾಡ್‌ಬ್ಯಾಂಡ್ ಸೇವೆ ಇದೇ ಬಗೆಯದು. ಅದಕ್ಕೆ ತುಸು ಮುಂಚೆ, 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ, ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಸಾಕು, ಅದು ಬ್ರಾಡ್‌ಬ್ಯಾಂಡ್ ಎಂದು ಸರ್ಕಾರ ಹೇಳಿತ್ತು. ಆ ಲೆಕ್ಕದಲ್ಲಿ ತಾಮ್ರ ತನಗೆ ಹೇಳಿದ್ದಕ್ಕಿಂತ ಹೆಚ್ಚಿನ ಕೆಲಸವನ್ನೇ ಮಾಡಿತು.

ತಾಮ್ರಕ್ಕೆ ಎದುರಾಳಿ ದೂರ. ಕಂಪನಾಂಕ ಏರಿದಂತೆ ವಿದ್ಯುತ್ತು ತಂತಿಯ ಒಳಮೈಯನ್ನು ಬಿಟ್ಟು ಹೊರಮೈಗೆ ಒತ್ತರಿಸಿಕೊಂಡು ಹರಿಯುತ್ತದೆ. ಹರಿಯಲು ಸಿಗುವ ಲೋಹ ಕಡಿಮೆಯಾದಷ್ಟೂ ತಡೆ ಹೆಚ್ಚು, ನಷ್ಟ ಹೆಚ್ಚು. ಈ ನಷ್ಟವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. 10 ಡೆಸಿಬೆಲ್ ನಷ್ಟವಾದರೆ ಶಕ್ತಿಯ ಹತ್ತನೇ ಒಂದು ಪಾಲು ಮಾತ್ರ ಉಳಿಯುತ್ತದೆ, 20 ಆದರೆ ನೂರನೇ ಒಂದು. 0.4 ಮಿಲಿಮೀಟರ್ ದಪ್ಪದ ಟೆಲಿಫೋನ್ ತಂತಿಯಲ್ಲಿ 1 ಮೆಗಾಹರ್ಟ್ಸ್ ಸಂಕೇತ ಒಂದು ಕಿಲೋಮೀಟರಿಗೆ 20 ಡೆಸಿಬೆಲ್‌ಗೂ ಹೆಚ್ಚು ಕಳೆದುಕೊಳ್ಳುತ್ತದೆ. ಎರಡು ಕಿಲೋಮೀಟರ್ ಹೋದರೆ ಹತ್ತು ಸಾವಿರದ ಒಂದು ಪಾಲೂ ಉಳಿಯುವುದಿಲ್ಲ. ಆದ್ದರಿಂದಲೇ ಎಕ್ಸ್‌ಚೇಂಜಿನ ಪಕ್ಕದ ಮನೆಗೆ 20 ಎಂಬಿಪಿಎಸ್ ಕೊಟ್ಟ ಅದೇ ಸೇವೆ ನಾಲ್ಕೈದು ಕಿಲೋಮೀಟರ್ ಆಚೆಯ ಮನೆಯಲ್ಲಿ ಒಂದೆರಡು ಎಂಬಿಪಿಎಸ್‌ಗೆ ಕುಸಿಯುತ್ತಿತ್ತು. ಒಂದೇ ಬಿಲ್ಲು ಕಟ್ಟುವ ಇಬ್ಬರು ಗ್ರಾಹಕರ ಅನುಭವ ಇಷ್ಟು ಬೇರೆಯಾಗುವುದಕ್ಕೆ ಲೈನ್‌ಮನ್‌ನ ಉದಾಸೀನವನ್ನೇ ಸದಾ ದೂರುವುದು ನ್ಯಾಯವಲ್ಲ; ಬಹುಪಾಲು ತಪ್ಪು ಭೌತಶಾಸ್ತ್ರದ್ದು.

ಗಾಜಿನ ಎಳೆಗೆ ಈ ತೊಂದರೆ ಹೆಚ್ಚುಕಡಿಮೆ ಇಲ್ಲ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹೆರಾಲ್ಡ್ ಹಾಪ್ಕಿನ್ಸ್ 1954ರಲ್ಲಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ತೋರಿಸಿದರು. ಆದರೆ ಆಗಿನ ಗಾಜಿನಲ್ಲಿ ಬೆಳಕು ಕೆಲವೇ ಮೀಟರುಗಳಲ್ಲಿ ಸತ್ತುಹೋಗುತ್ತಿತ್ತು. 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಂ, ತೊಂದರೆ ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು ಎಂದು ವಾದಿಸಿದರು. ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗೆ ಇಳಿಸಿದರೆ ದೂರಸಂಪರ್ಕಕ್ಕೆ ಗಾಜು ಬಳಸಬಹುದು ಎಂದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿಗಳು ಆ ಗಡಿ ದಾಟಿದರು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಇಂದಿನ ಒಳ್ಳೆಯ ಎಳೆಯಲ್ಲಿ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್, ಅಂದರೆ ಒಂದು ಕಿಲೋಮೀಟರ್ ದಾಟಿದ ಮೇಲೂ ನೂರಕ್ಕೆ 95 ಪಾಲು ಬೆಳಕು ಉಳಿದಿರುತ್ತದೆ. ಎಕ್ಸ್‌ಚೇಂಜು ಎರಡು ಕಿಲೋಮೀಟರ್ ಇರಲಿ ಹತ್ತು ಇರಲಿ, ಫೈಬರಿಗೆ ಅದು ದೊಡ್ಡ ಲೆಕ್ಕವಲ್ಲ.

ಹಾಗಿದ್ದರೆ ಮೊದಲ ದಿನದಿಂದಲೇ ಎಲ್ಲ ಮನೆಗೂ ಫೈಬರ್ ಎಳೆಯಬಹುದಿತ್ತಲ್ಲ? ಎಳೆ ಅಗ್ಗ, ಅಗೆತ ದುಬಾರಿ. ಹೆದ್ದಾರಿಯ ಬದಿಗೆ ಒಂದು ಸಲ ತೋಡಿ ಹತ್ತಾರು ಕಿಲೋಮೀಟರ್ ಎಳೆಯುವುದು ಒಂದು ಖರ್ಚು. ಪ್ರತಿ ಓಣಿ, ಪ್ರತಿ ಅಂಗಳ, ಪ್ರತಿ ಕಾಂಪೌಂಡಿನ ಅನುಮತಿ ಪಡೆದು ಒಂದೊಂದು ಮನೆಗೆ ತಲುಪಿಸುವುದು ಬೇರೆಯೇ ಖರ್ಚು. ಗೋವಾ ಸರ್ಕಾರ ಬೆಂಗಳೂರು ಮೂಲದ ಯುನೈಟೆಡ್ ಟೆಲಿಕಾಂಸ್ ಜೊತೆ ಸೇರಿ ಕಟ್ಟಿದ ಗೋವಾ ಬ್ರಾಡ್‌ಬ್ಯಾಂಡ್ ನೆಟ್‌ವರ್ಕ್ ಆಗಲಿ, ಕೇಂದ್ರ ಸಚಿವ ಸಂಪುಟ 2011ರಲ್ಲಿ ಒಪ್ಪಿದ, ಮುಂದೆ ಭಾರತ್‌ನೆಟ್ ಎಂದಾದ ಯೋಜನೆಯಾಗಲಿ ಮೊದಲ ಗುರಿಯಾಗಿ ಇಟ್ಟುಕೊಂಡದ್ದು ಗ್ರಾಮ ಪಂಚಾಯಿತಿಯನ್ನು. ಪಂಚಾಯಿತಿ ಕಚೇರಿಯಿಂದ ಮನೆಯವರೆಗಿನ ದಾರಿ ಆಮೇಲಿನ ಮಾತಾಯಿತು. ಈ ಆಮೇಲಿನ ಮಾತಿಗೆ ಎಂಜಿನಿಯರುಗಳು ಕಂಡುಕೊಂಡ ಮಧ್ಯದ ಉಪಾಯವೇ ಫೈಬರ್-ತಾಮ್ರ ಜೋಡಣೆ. ಫೈಬರನ್ನು ಬೀದಿಯ ಪಿಲ್ಲರ್ ಬಾಕ್ಸಿನ ಹತ್ತಿರಕ್ಕೆ ತಂದು, ಎಕ್ಸ್‌ಚೇಂಜಿನಲ್ಲಿದ್ದ ಯಂತ್ರದ ಚಿಕ್ಕ ರೂಪವನ್ನು ಅಲ್ಲೇ ಇಟ್ಟರೆ, ಮನೆಯವರೆಗಿನ ತಾಮ್ರ ಕಿಲೋಮೀಟರುಗಳಿಂದ ಕೆಲವು ನೂರು ಮೀಟರಿಗೆ ಇಳಿಯುತ್ತದೆ.

ತಾಮ್ರ ಗಿಡ್ಡವಾದರೆ ಮೇಲಿನ ಕಂಪನಾಂಕಗಳೂ ಬದುಕಿ ತಲುಪುತ್ತವೆ. 2006ರಲ್ಲಿ ಮಾನಕವಾದ ವಿಡಿಎಸ್ಎಲ್2, ಹೆಚ್ಚು ಬಳಕೆಯಲ್ಲಿರುವ ರೂಪದಲ್ಲಿ 17 ಮೆಗಾಹರ್ಟ್ಸ್‌ವರೆಗಿನ ಜಾಗವನ್ನು 4.3 ಕಿಲೋಹರ್ಟ್ಸ್ ಅಗಲದ ಸಾವಿರಾರು ಕಿರುದಾರಿಗಳಾಗಿ ಸೀಳಿ, ಪ್ರತಿ ದಾರಿಯ ಗದ್ದಲವನ್ನು ಅಳೆದು ಅದು ಹೊರಬಲ್ಲಷ್ಟೇ ದತ್ತಾಂಶವನ್ನು ಹೊರಿಸುತ್ತದೆ. ಒಳ್ಳೆಯ ತಂತಿಯಲ್ಲಿ 300 ಮೀಟರ್ ಆಸುಪಾಸಿನಲ್ಲಿ ಅದು 100 ಎಂಬಿಪಿಎಸ್ ಹತ್ತಿರಕ್ಕೆ ಹೋಗಬಲ್ಲದು. ಒಂದೂವರೆ ಕಿಲೋಮೀಟರ್ ದಾಟುವ ಹೊತ್ತಿಗೆ ಹಳೆಯ ಎಡಿಎಸ್ಎಲ್2 ಪ್ಲಸ್‌ಗಿಂತ ಹೆಚ್ಚಿನದೇನನ್ನೂ ಕೊಡಲಾರದು. ಇನ್ನೊಂದು ಅಡ್ಡಿ ಕ್ರಾಸ್‌ಟಾಕ್. ಹಳೆಯ ಲ್ಯಾಂಡ್‌ಲೈನಿನಲ್ಲಿ ಮಾತಾಡುವಾಗ ಯಾರದೋ ಮಾತು ನಡುವೆ ತೂರಿ ಬರುತ್ತಿದ್ದುದು ಹಲವರಿಗೆ ನೆನಪಿರಬಹುದು. ಒಂದೇ ಕೇಬಲಿನೊಳಗೆ ಒತ್ತಾಗಿ ಕೂತ ನೂರಾರು ಜೋಡಿಗಳು ಒಂದರ ಸಂಕೇತವನ್ನು ಇನ್ನೊಂದಕ್ಕೆ ಸೋರಿಸುತ್ತವೆ. 2010ರಲ್ಲಿ ಬಂದ ವೆಕ್ಟರಿಂಗ್ ಎಂಬ ವಿಧಾನ, ಯಾವ ಜೋಡಿಯಿಂದ ಯಾವುದಕ್ಕೆ ಎಷ್ಟು ಸೋರುತ್ತದೆ ಎಂದು ಪೆಟ್ಟಿಗೆಯಲ್ಲೇ ಲೆಕ್ಕ ಹಾಕಿ, ಆ ಸೋರಿಕೆಯನ್ನು ಅಳಿಸುವ ವಿರುದ್ಧ ಸಂಕೇತವನ್ನು ಮೊದಲೇ ಬೆರೆಸಿ ಕಳಿಸುತ್ತದೆ. ಭಾರತದಲ್ಲಿ ಏರ್‌ಟೆಲ್ 2016ರ ಅಕ್ಟೋಬರಿನಲ್ಲಿ ವಿ-ಫೈಬರ್ ಎಂಬ ಹೆಸರಿನಲ್ಲಿ ಚೆನ್ನೈಯಿಂದ ಶುರುಮಾಡಿ ಬೇರೆ ನಗರಗಳಿಗೆ ವಿಸ್ತರಿಸಿದ, 100 ಎಂಬಿಪಿಎಸ್‌ವರೆಗಿನ ಸೇವೆ ಇದೇ ತಂತ್ರದ್ದು. ಹೆಸರು ಫೈಬರ್ ಆದರೂ ಮನೆಯೊಳಕ್ಕೆ ಬರುತ್ತಿದ್ದುದು ಹಳೆಯ ಫೋನ್ ತಂತಿಯೇ.

ಈಗ ಕೇಬಲ್ ಕಡೆಗೆ ಬರೋಣ. ತಂತಿಯಾಗಿ ನೋಡಿದರೆ ಕೇಬಲ್ ಟಿವಿಯ ವೈರು ಫೋನ್ ತಂತಿಗಿಂತ ಎಷ್ಟೋ ಮೇಲು, ಇದನ್ನು ಮುಚ್ಚಿಡಬಾರದು. ನಡುವೆ ಒಂದು ತಾಮ್ರದ ತಂತಿ, ಸುತ್ತ ನಿರೋಧಕ ಪದರ, ಅದರ ಮೇಲೆ ಲೋಹದ ಕವಚ ಇರುವುದರಿಂದ ಹೊರಗಿನ ಗದ್ದಲ ಒಳಬರುವುದು ಕಷ್ಟ. ನೂರಾರು ಮೆಗಾಹರ್ಟ್ಸ್ ಅಗಲದ ದಾರಿ ಅದರಲ್ಲಿ ಸಿಗುತ್ತದೆ. ಈ ವೈರಿನಲ್ಲಿ ಇಂಟರ್ನೆಟ್ ಹರಿಸುವ ಡಾಕ್ಸಿಸ್ ಎಂಬ ಮಾನಕ 1997ರಲ್ಲಿ ಬಂತು. 2006ರ ಅದರ ಮೂರನೇ ರೂಪದಲ್ಲಿ ಹಲವು ಚಾನೆಲ್‌ಗಳನ್ನು ಒಟ್ಟುಗೂಡಿಸಿ ನೂರಾರು ಎಂಬಿಪಿಎಸ್ ಕೊಡಬಹುದಾಯಿತು. ಬರೀ ಡೌನ್‌ಲೋಡ್ ನೋಡಿದರೆ ಕೇಬಲ್ ಸಲೀಸಾಗಿ ಗೆಲ್ಲುತ್ತದೆ. ಹೀಗಿರುವಾಗ ಅದನ್ನು ಬಿಟ್ಟು ಫೋನ್ ತಂತಿಗೆ ಹೋಗುವುದು ಹಿಂದಕ್ಕೆ ನಡೆದಂತಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ.

ಆದರೆ ಕೇಬಲ್ ಜಾಲ ಹುಟ್ಟಿದ್ದು ಒಂದು ಕಡೆಯಿಂದ ಎಲ್ಲರಿಗೂ ಟಿವಿ ಹಂಚಲು. ಮರಳಿ ಮಾತಾಡಲು ಅಲ್ಲ. ಆ ಹುಟ್ಟುಗುಣ ಇಂದಿಗೂ ಬಿಟ್ಟಿಲ್ಲ. ಮನೆಯಿಂದ ಹೊರಕ್ಕೆ ಹೋಗುವ ದತ್ತಾಂಶಕ್ಕೆ ಸಾಮಾನ್ಯವಾಗಿ 5ರಿಂದ 42 ಅಥವಾ 65 ಮೆಗಾಹರ್ಟ್ಸ್‌ವರೆಗಿನ ಇಕ್ಕಟ್ಟಾದ ಜಾಗವನ್ನು ಮಾತ್ರ ಬಿಟ್ಟಿರುತ್ತಾರೆ. ಅದನ್ನೂ ಒಂದು ವಲಯದ ಮನೆಗಳೆಲ್ಲ ಹಂಚಿಕೊಳ್ಳಬೇಕು. ಒಂದು ಮನೆಯಲ್ಲಿ ಸಡಿಲವಾದ ಜಾಯಿಂಟ್ ಇದ್ದರೆ ಅಲ್ಲಿ ಹೊಕ್ಕ ಗದ್ದಲ ಮೇಲೇರುವ ದಾರಿಯಲ್ಲಿ ಉಳಿದೆಲ್ಲ ಮನೆಗಳ ಗದ್ದಲದೊಂದಿಗೆ ಕೂಡಿ ಇಡೀ ಬೀದಿಯ ಅಪ್‌ಲೋಡನ್ನು ಕೆಡಿಸುತ್ತದೆ. ಸಂಜೆ ಏಳರಿಂದ ಹತ್ತರವರೆಗೆ ಎಲ್ಲರೂ ಒಟ್ಟಿಗೆ ಕೂತಾಗ ಹಂಚಿಕೆಯ ಬಿಸಿ ತಟ್ಟುತ್ತದೆ. ವಿಡಿಎಸ್ಎಲ್‌ನಲ್ಲಿ ಪಿಲ್ಲರಿನಿಂದ ಮನೆಯವರೆಗಿನ ಜೋಡಿ ಆ ಮನೆಗೇ ಮೀಸಲು. ಹತ್ತಿರದ ಮನೆಯಾದರೆ ಅಪ್‌ಲೋಡಿಗೂ ಹತ್ತಾರು ಎಂಬಿಪಿಎಸ್ ಸಿಗಬಲ್ಲದು. ಕೊರ್ಲಿಮ್‌ನ ಬಾಡಿಗೆ ಮನೆಯಿಂದ ಊರಿನ ತಂದೆತಾಯಿಯರಿಗೆ ವಿಡಿಯೋ ಕರೆ ಮಾಡುವವರಿಗೆ, ಮನೆಯಿಂದಲೇ ಕಚೇರಿ ಕೆಲಸ ಮಾಡುವವರಿಗೆ, ಆನ್‌ಲೈನ್ ತರಗತಿಯಲ್ಲಿ ಪ್ರಶ್ನೆ ಕೇಳಬೇಕಾದ ಮಕ್ಕಳಿಗೆ 200 ಎಂಬಿಪಿಎಸ್ ಡೌನ್‌ಲೋಡಿಗಿಂತ ಕಡಿಯದ 10 ಎಂಬಿಪಿಎಸ್ ಅಪ್‌ಲೋಡ್ ಹೆಚ್ಚು ಉಪಕಾರಿ. ಕೇಳುವುದರಷ್ಟೇ ಹೇಳುವುದೂ ಇಂದಿನ ಇಂಟರ್ನೆಟ್ಟಿನ ಅರ್ಧ ಎಂಬುದನ್ನು ಒಪ್ಪಿದರೆ, ಪಿಲ್ಲರಿಗೆ ಹತ್ತಿರವಿರುವ ಮನೆ ಕೇಬಲ್ ಬಿಟ್ಟು ಬರುವುದರಲ್ಲಿ ಹಿಂದಡಿಯೇನಿಲ್ಲ.

ಹಂಚಿಕೆಯ ಮಾತಿಗೆ ಬಲ್ಲವರು ಒಂದು ತಿದ್ದುಪಡಿ ತರುತ್ತಾರೆ: ಫೈಬರ್ ಕೂಡ ಹಂಚಿದ್ದೇ. ನಿಜ. ಪಿಲ್ಲರಿನಿಂದ ಮೇಲಕ್ಕೆ ಹೋಗುವ ಎಳೆ ಅಲ್ಲಿನ ಎಲ್ಲ ಗ್ರಾಹಕರ ಹೊರೆಯನ್ನು ಹೊರುತ್ತದೆ. ಮನೆಯವರೆಗಿನ ಫೈಬರಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲೂ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಕೆಳಮುಖ ಮತ್ತು 1.25 ಗಿಗಾಬಿಟ್ ಮೇಲ್ಮುಖ ಸಾಮರ್ಥ್ಯವನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಹಂಚಿಕೆಯೇ ದೋಷವಲ್ಲ, ಹಂಚಲು ಇರುವುದೆಷ್ಟು, ಪಾಲುದಾರರೆಷ್ಟು ಎಂಬುದನ್ನು ನೋಡಬೇಕು. ಫೈಬರಿನಲ್ಲಿ ಸಾಲದಾದಾಗ ಎರಡು ತುದಿಯ ಯಂತ್ರಗಳನ್ನು ಬದಲಿಸಿದರೆ ಅದೇ ಎಳೆ ಹತ್ತು ಗಿಗಾಬಿಟ್ ಹೊರುತ್ತದೆ. ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎನ್ನುವವರಿಗೂ ಇದೇ ಉತ್ತರ: ಟವರಿನ ಗಾಳಿಯ ದಾರಿ ಎಲ್ಲಕ್ಕಿಂತ ಹೆಚ್ಚು ಜನ ಹಂಚಿಕೊಂಡ ದಾರಿ, ಮತ್ತು ಆ ಟವರಿಗೂ ಒಳ್ಳೆಯ ವೇಗ ಬರಬೇಕಾದರೆ ಬುಡಕ್ಕೆ ಫೈಬರ್ ಬರಬೇಕು.

ಗಟ್ಟಿಯಾದ ಆಕ್ಷೇಪ ಹವೆಯಿಂದ ಬರುತ್ತದೆ. ಗೋವಾದ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಕರಾವಳಿಯ ತೇವದ, ಉಪ್ಪಿನಂಶದ ಗಾಳಿ ಲೋಹವನ್ನು ತಿನ್ನುತ್ತದೆ. ನೆಲದಡಿಯ ಟೆಲಿಫೋನ್ ಕೇಬಲಿನೊಳಗೆ ನೀರು ನುಗ್ಗದಿರಲೆಂದೇ ಜೆಲ್ಲಿ ತುಂಬಿರುತ್ತಾರೆ. ಆದರೂ ಜಾಯಿಂಟುಗಳಲ್ಲಿ, ಮನೆಗಳಿಗೆ ತಂತಿ ಹಂಚುವ ಡಿಪಿ ಬಾಕ್ಸುಗಳಲ್ಲಿ ನೀರಿಳಿದು ತಾಮ್ರ ಹಸಿರುಗಟ್ಟುತ್ತದೆ. ಮಾತಿಗೆ ಕರಕರ ಸದ್ದಾಗಿ ಮಾತ್ರ ಕಾಣುತ್ತಿದ್ದ ಈ ಕೊಳೆ 17 ಮೆಗಾಹರ್ಟ್ಸ್ ಸಂಕೇತಕ್ಕೆ ಪೆಟ್ಟು ಕೊಡುತ್ತದೆ. ಮಳೆಗಾಲದ ಮುಂಚಿನ ಸಿಡಿಲಿನ ದಿನಗಳಲ್ಲಿ ತಾಮ್ರದ ತಂತಿ, ಅದು ಫೋನಿನದಾಗಲಿ ಕೇಬಲಿನದಾಗಲಿ, ವಿದ್ಯುದಾಘಾತವನ್ನು ಮೋಡೆಮ್‌ವರೆಗೆ ತರಬಲ್ಲದು. ಗಾಜು ವಿದ್ಯುತ್ತನ್ನು ಒಯ್ಯುವುದೇ ಇಲ್ಲ. ಕರೆಂಟ್ ಹೋದಾಗಲೂ ವ್ಯತ್ಯಾಸವಿದೆ. ಕೇಬಲ್ ಜಾಲದ ಕಂಬಗಳ ಮೇಲಿನ ಆಂಪ್ಲಿಫೈಯರಿಗೂ ವಿಡಿಎಸ್ಎಲ್ ಪೆಟ್ಟಿಗೆಗೂ ಬೀದಿಯಲ್ಲೇ ಕರೆಂಟ್ ಬೇಕು. ಮನೆಯವರೆಗಿನ ಫೈಬರಿನಲ್ಲಿ ನಡುದಾರಿಯ ಕವಲು ಪೆಟ್ಟಿಗೆಗೆ ಕರೆಂಟೇ ಬೇಡ. ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ, ಮನೆಯಲ್ಲಿ ಇನ್ವರ್ಟರ್ ಇದ್ದರೆ ಸಂಪರ್ಕ ಉಳಿಯುತ್ತದೆ. ಇನ್ನು ಕಂಬದಿಂದ ಕಂಬಕ್ಕೆ ತೂಗಿಬಿಟ್ಟ ವೈರುಗಳ ವಿಚಾರ: ವಿದ್ಯುತ್ ಕಂಬಗಳ ಬಳಕೆಯ ಬಗ್ಗೆ ಗೋವಾದಲ್ಲಿ ವಿದ್ಯುತ್ ಇಲಾಖೆಗೂ ಕೇಬಲ್ ಮತ್ತು ಇಂಟರ್ನೆಟ್ ಸೇವೆಯವರಿಗೂ ನಡುವಿನ ತಕರಾರು ಹೈಕೋರ್ಟಿನವರೆಗೆ ಹೋಗಿದೆ. ಕಂಬಕ್ಕೆ ತೂಗುವ ಎಳೆ ಗಾಜಿನದಾದರೂ ಕತ್ತರಿಗೆ ಸಿಕ್ಕಿದರೆ ಸಂಪರ್ಕ ಹೋಯಿತೆಂದೇ ಲೆಕ್ಕ.

ಹಾಗಾದರೆ ಅರ್ಧ ಫೈಬರಿಗೆ ಹಣ ಸುರಿಯುವುದೇ ತಪ್ಪಲ್ಲವೇ? ದೇಶದ ಮಟ್ಟದಲ್ಲಿ ಈ ಆಕ್ಷೇಪವನ್ನು ಒಪ್ಪಲೇಬೇಕು. ಆಸ್ಟ್ರೇಲಿಯಾ ಅದಕ್ಕೆ ಸಾಕ್ಷಿ. 2009ರಲ್ಲಿ ಅಲ್ಲಿನ ಸರ್ಕಾರ ನೂರಕ್ಕೆ 90ಕ್ಕೂ ಹೆಚ್ಚು ಮನೆಗಳಿಗೆ ನೇರ ಫೈಬರ್ ಕೊಡುವ ಯೋಜನೆ ಹಾಕಿತು. 2013ರಲ್ಲಿ ಬಂದ ಹೊಸ ಸರ್ಕಾರ ಬೇಗ ಮತ್ತು ಅಗ್ಗವಾಗಿ ಮುಗಿಸುತ್ತೇವೆಂದು ಬೀದಿಯವರೆಗೆ ಫೈಬರ್, ಮುಂದೆ ತಾಮ್ರ, ಅಲ್ಲಲ್ಲಿ ಹಳೆಯ ಕೇಬಲ್ ಟಿವಿ ಜಾಲ ಎಂಬ ಮಿಶ್ರಣಕ್ಕೆ ತಿರುಗಿತು. 2020ರ ಸೆಪ್ಟೆಂಬರಿನಲ್ಲಿ, ಜಾಲವನ್ನು ಮೇಲ್ದರ್ಜೆಗೇರಿಸಲು ಮತ್ತೆ 450 ಕೋಟಿ ಆಸ್ಟ್ರೇಲಿಯನ್ ಡಾಲರ್ ಹಾಕುವುದಾಗಿ ಘೋಷಿಸಿ, ತಾಮ್ರ ಹಾಕಿದ ಬೀದಿಗಳಿಗೇ ಮನೆಯವರೆಗೆ ಫೈಬರ್ ಒಯ್ಯಬೇಕಾಯಿತು. ಒಂದೇ ಬೀದಿಗೆ ಎರಡು ಸಲ ಖರ್ಚು. ಭಾರತದಲ್ಲಿ ಈಗ ಹೊಸ ಸಂಪರ್ಕಗಳು ಬಹುಪಾಲು ನೇರ ಫೈಬರಿನವು. ಬಿಎಸ್ಎನ್ಎಲ್ ತನ್ನ ತಾಮ್ರದ ಗ್ರಾಹಕರನ್ನು ಫೈಬರಿಗೆ ವರ್ಗಾಯಿಸುತ್ತ ಬಂದಿದೆ. ಇದು ಸರಿಯಾದ ದಾರಿ. ಆದರೆ ದೇಶದ ಲೆಕ್ಕ ಬೇರೆ, ಒಂದು ಮನೆಯ ಲೆಕ್ಕ ಬೇರೆ. ಮನೆಯ ಮಾಲೀಕ ಗೋಡೆ ಕೊರೆಯಲು ಬಿಡದಿದ್ದಾಗ, ಓಣಿಗೆ ಫೈಬರ್ ಬರಲು ಇನ್ನೂ ಕಾಲವಿದ್ದಾಗ, ಪಿಲ್ಲರ್ ಮುನ್ನೂರು ಮೀಟರಿನೊಳಗೆ ಇದ್ದಾಗ, ಇರುವ ತಂತಿಯನ್ನೇ ಬಳಸುವ ಜೋಡಣೆ ಒಳ್ಳೆಯ ಸೇತುವೆ. ಸೇತುವೆಯ ಮೇಲೆ ಮನೆ ಕಟ್ಟಬಾರದು, ಅಷ್ಟೇ.

ಆದ್ದರಿಂದ ಬದಲಿಸುವ ಮುನ್ನ ಕೇಳಬೇಕಾದದ್ದು ಸ್ಪಷ್ಟ. ಫೈಬರ್ ಯಾವ ಪೆಟ್ಟಿಗೆಗೆ ನಿಲ್ಲುತ್ತದೆ? ಅಲ್ಲಿಂದ ತಂತಿ ಎಷ್ಟು ಉದ್ದ? ಅಪ್‌ಲೋಡ್ ವೇಗ ಎಷ್ಟು? ಸ್ಥಳೀಯ ಕೇಬಲ್‌ನವರು ಕೊಡುವ ಫೈಬರ್ ಸಂಪರ್ಕಕ್ಕೂ ಇದೇ ಪ್ರಶ್ನೆ ಅನ್ವಯ. ನಮ್ಮ ಎಷ್ಟೋ ನಗರಗಳಲ್ಲಿ ಫೈಬರ್ ಕಟ್ಟಡದ ಮೂಲೆಗೆ ನಿಂತು, ಅಲ್ಲಿಂದ 100 ಮೀಟರ್ ಮೀರಬಾರದ ಲ್ಯಾನ್ ಕೇಬಲ್ ಮನೆಗೆ ಬರುತ್ತದೆ. ಡಿಎಸ್ಎಲ್ ಹಾಕಿಸಿಕೊಂಡ ಮೇಲೆ ಮೋಡೆಮ್‌ನ ಪುಟದಲ್ಲಿ ಲೈನಿನ ನಷ್ಟ ಮತ್ತು ಗದ್ದಲಕ್ಕೆದುರಾದ ಉಳಿಕೆ ಎಂಬ ಎರಡು ಅಂಕಿಗಳನ್ನು ನೋಡಬಹುದು. ಉಳಿಕೆ 6 ಡೆಸಿಬೆಲ್‌ಗಿಂತ ಕೆಳಗಿಳಿದರೆ ಸಂಪರ್ಕ ಪದೇಪದೇ ಕಡಿಯಬಹುದೆಂದು ತಿಳಿಯಬೇಕು. ವೇಗವನ್ನು ವೈಫೈಯಲ್ಲಿ ಅಳೆಯದೆ ಕಂಪ್ಯೂಟರಿಗೆ ನೇರ ತಂತಿ ಚುಚ್ಚಿ, ಮಧ್ಯಾಹ್ನ ಒಮ್ಮೆ ಮತ್ತು ಸಂಜೆ ಜನದಟ್ಟಣೆಯ ಹೊತ್ತಿಗೆ ಒಮ್ಮೆ ಅಳೆಯಬೇಕು. ಮಳೆಗಾಲದಲ್ಲೂ ಅದೇ ಅಂಕಿ ನಿಂತರೆ ಆ ತಂತಿ ಗಟ್ಟಿ.

ಇಷ್ಟೆಲ್ಲ ಲೆಕ್ಕವನ್ನು ಪ್ರತಿ ಗ್ರಾಹಕನೇ ಹಾಕಬೇಕಾಗಿ ಬಂದಿರುವುದು ನ್ಯಾಯವಲ್ಲ. ಇಟಲಿಯ ದೂರಸಂಪರ್ಕ ನಿಯಂತ್ರಣ ಸಂಸ್ಥೆ 2018ರಲ್ಲಿ ಜಾಹೀರಾತುಗಳಿಗೆ ಬಣ್ಣದ ಗುರುತು ಕಡ್ಡಾಯ ಮಾಡಿತು: ಪೂರ್ತಿ ಫೈಬರಿಗೆ ಹಸಿರು, ಫೈಬರ್-ತಾಮ್ರ ಜೋಡಣೆಗೆ ಹಳದಿ, ಫೈಬರ್ ಇಲ್ಲದ್ದಕ್ಕೆ ಕೆಂಪು. ನಮ್ಮಲ್ಲಿ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗ 2013ರಲ್ಲಿ 512 ಕಿಲೋಬಿಟ್‌ಗೂ 2023ರಲ್ಲಿ 2 ಎಂಬಿಪಿಎಸ್‌ಗೂ ಏರಿತು. ಕೊನೆಯ ತಂತಿ ಯಾವುದು, ಅಪ್‌ಲೋಡ್ ಎಷ್ಟು ಎಂಬುದನ್ನು ಇಟಲಿಯಂತೆ ಒಂದು ನೋಟಕ್ಕೆ ತಿಳಿಯುವ ಗುರುತಾಗಿ ಅಚ್ಚು ಹಾಕುವುದನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಇಲ್ಲೂ ಕಡ್ಡಾಯ ಮಾಡಬೇಕು. ಪಂಚಾಯಿತಿಗೆ ಬಂದ ಫೈಬರನ್ನು ಓಣಿಯ ಕೊನೆಯ ಬಾಡಿಗೆ ಮನೆಯವರೆಗೆ ಒಯ್ಯುವ ಹೊಣೆಯನ್ನು ಸರ್ಕಾರಗಳು ಹೊರಬೇಕು. ಅಲ್ಲಿಯವರೆಗೆ ಫೈಬರ್ ಎಂದು ಮಾರಲು ಬಂದವರನ್ನು, ಅದು ಎಲ್ಲಿಗೆ ನಿಲ್ಲುತ್ತದೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದ ಮೇಲೆಯೇ ಹಣ ಕಟ್ಟಿ.